ಇನಾಮದಾರರು ಹಜ್‌ಗೆ ಹೊರಟದ್ದು

ನಮಾಜಿನ ನಡುವೆ ನಕ್ಕ ಎಂಟು ಹುಡುಗಿಯರು ಮತ್ತೆ ವಜೂ ಮಾಡಿದರು. ಕೈ, ಬಾಯಿ, ಮೂಗು, ಮುಖ ತೊಳೆದು, ತಲೆಗೆ ಒದ್ದೆ ಕೈ ಸವರಿ, ಕಾಲು ತೊಳೆದು, ಮೊದಲಿನಿಂದ ನಮಾಜು ಮುಗಿಸಿದರು. ನಮಾಜಿನಲ್ಲಿ ಗಟ್ಟಿಯಾಗಿ ನಕ್ಕರೆ ನಮಾಜೂ ಕೆಡುತ್ತದೆ, ವಜೂವೂ ಕೆಡುತ್ತದೆ. ಬೈಲಹೊಂಗಲದ ಆ ಹೆಣ್ಣುಮಕ್ಕಳ ಉರ್ದು ಹೈಸ್ಕೂಲಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಸುಗರಾ ಆಪಾ ನಳದ ಹತ್ತಿರ ನಿಂತು, ನೀರು ಮೊಣಕೈ ಮುಟ್ಟಿತೋ ಇಲ್ಲವೋ ಎಂದು ಒಬ್ಬೊಬ್ಬಳನ್ನೇ ನೋಡಿದರು. ಯಾಕೆ ನಕ್ಕಿರಿ ಎಂದು ಮಾತ್ರ ಕೇಳಲಿಲ್ಲ.

ನಕ್ಕದ್ದು ಹುಸೇನಬಿಯನ್ನು ನೋಡಿ. ಹತ್ತನೆಯ ತರಗತಿಯ ಹುಸೇನಬಿ ನದಾಫ ದೊಡವಾಡದಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಅಪ್ಪ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜುವವನು, ಅವ್ವ ಗಾದಿ ಹೊಲಿಯುವವಳು. ಮನೆಮಾತು ಕನ್ನಡ. ಮನೆಯಲ್ಲಿ ಅವಳು ಹುಸೇನಬಿಯೂ ಅಲ್ಲ, ಹುಸೇನವ್ವ. ಟೀಚರರನ್ನು ಎಲ್ಲರೂ ‘ಆಪಾ’ ಎಂದರೆ ಇವಳ ಬಾಯಲ್ಲಿ ಹಳ್ಳಿ ಶಾಲೆಯ ‘ಅಕ್ಕಾರ’ ಬರುತ್ತಿತ್ತು. ಮನೆಯಲ್ಲಿ ಉರ್ದು ಆಡುವ ಹುಡುಗಿಯರಿಗೆ ಇಷ್ಟು ಸಾಕು. ಹತ್ತಿ ಹಿಂಜುವ ಪಿಂಜಾರರೆಂದರೆ ಅವರ ಮನೆಗಳಲ್ಲಿ ಅರ್ಧ ಮುಸಲ್ಮಾನರು. ಉಳಿದರ್ಧ ಏನು ಎಂದು ಯಾರೂ ಹೇಳುತ್ತಿರಲಿಲ್ಲ. ಹುಸೇನಬಿ ಬಾಗಿಲಲ್ಲಿ ಕಾಲಿಟ್ಟ ಕೂಡಲೆ ಹಿಂದಿನ ಬೆಂಚಿನಿಂದ ಒಂದು ಸದ್ದು ಬರುತ್ತಿತ್ತು. ಹತ್ತಿ ಹಿಂಜುವ ಬಿಲ್ಲಿನ ನಾರಿಯ ಸದ್ದು. ಠೊಂಯ್. ಒಬ್ಬಳು ಸುರು ಮಾಡಿದರೆ ಸಾಲಿಗೆ ಸಾಲೇ ಠೊಂಯ್ ಠೊಂಯ್. ಪಾಠ ಮಾಡಲು ಬಂದವರಿಗೂ ಕೇಳಿಸುತ್ತಿತ್ತು. ಕೆಲವರು ಹಾಜರಿ ಪುಸ್ತಕ ತೆರೆಯುತ್ತಿದ್ದರು, ಕೆಲವರು ತುಟಿಯಂಚಿನಲ್ಲಿ ನಗುತ್ತಿದ್ದರು.

ಎರಡು ಸಾವಿರದ ಇಸವಿ, ಜನವರಿ ಕೊನೆಯ ವಾರ. ಮಧ್ಯಾಹ್ನದ ನಮಾಜಿನಲ್ಲಿ ಹುಸೇನಬಿ ಮುಂದಿನ ಸಾಲು, ಶಗುಫ್ತಾ ಅವಳ ಹಿಂದೆ. ಹುಸೇನಬಿ ಹಣೆ ನೆಲಕ್ಕಿಟ್ಟು ಸಜ್ದಾದಲ್ಲಿದ್ದಾಗ ಶಗುಫ್ತಾ ಕೈ ಚಾಚಿ, ಗೋಂದು ಸವರಿದ ಮುಷ್ಟಿಯಷ್ಟು ಹತ್ತಿಯನ್ನು ಅವಳ ಸೊಂಟದ ಕೆಳಗೆ ಅಂಟಿಸಿದಳು. ಹುಸೇನಬಿ ಎದ್ದು ನಿಂತಾಗ ಮೊಲದ ಬಾಲವೂ ಎದ್ದು ನಿಂತಿತು. ಅವಳ ನಮಾಜು ಕೆಡಲಿಲ್ಲ. ಮುಗಿಸಿ, ಚಾಪೆ ಸುತ್ತಿ, ಮೂಲೆಗಿಟ್ಟು ತರಗತಿಗೆ ಹೋದಳು. ಎರಡು ಪಿರಿಯಡ್ ಯಾರೂ ಹೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಪೇಟೆಯುದ್ದಕ್ಕೂ ಬಾಲದೊಡನೆ ನಡೆದಳು. ದೊಡವಾಡದ ಬಸ್ಸಿನಲ್ಲಿ ಒಬ್ಬ ಮುದುಕಿ ಅದನ್ನು ಕಿತ್ತು ಅವಳ ಕೈಯಲ್ಲಿಟ್ಟಳು.

ಮರುದಿನದಿಂದ ಅವಳು ಬರಲಿಲ್ಲ.

ಆ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು ಖೈರುನ್ನೀಸಾ. ಧಾರವಾಡದಲ್ಲಿ ಎಂ.ಎ. ಮಾಡಿ ಬಂದವಳು. ಸಹೋದ್ಯೋಗಿಗಳ ಬಗ್ಗೆ ಅವಳಿಗೆ ಒಂದೇ ಅಭಿಪ್ರಾಯ: ಧರ್ಮವನ್ನು ಮೊಣಕೈವರೆಗೆ ಬಲ್ಲವರು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು, ಅವರ ಜೊತೆಗೇ ಕೂತು ಚಹಾ ಕುಡಿಯುತ್ತಿದ್ದಳು. ಆ ದಿನವೂ ಕುಡಿಯುತ್ತಿದ್ದಳು. ಹುಸೇನಬಿ ಸ್ಟಾಫ್‌ರೂಮಿನ ಬಾಗಿಲು ದಾಟಿ ಹೋದದ್ದನ್ನು, ಅವಳ ಹಿಂದೆ ಹತ್ತಿ ಅಂಟಿದ್ದನ್ನು ಕಣ್ಣಾರೆ ನೋಡಿದ್ದಳು. ಪಿಂಜಾರರ ಹುಡುಗಿ, ಮನೆಯಿಂದಲೇ ಅಂಟಿಸಿಕೊಂಡು ಬಂದಿರಬೇಕು ಎಂದುಕೊಂಡು ಬಿಸ್ಕೀಟನ್ನು ಚಹಾದಲ್ಲಿ ಅದ್ದಿದ್ದಳು.

ನಿಜ ತಿಳಿದದ್ದು ನಾಲ್ಕು ದಿನದ ಮೇಲೆ, ಗಂಟೆ ಹೊಡೆಯುವ ತಾಯವ್ವನಿಂದ. ತಾಯವ್ವ ಲಿಂಗಾಯತರ ಹೆಂಗಸು. ಹದಿನಾರು ವರ್ಷದಿಂದ ಆ ಶಾಲೆಯಲ್ಲಿ ಕಸ ಹೊಡೆದು, ಅಜಾನಿನ ಹೊತ್ತಿಗೆ ಸರಿಯಾಗಿ ನಮಾಜಿನ ಕೋಣೆಯ ಬೀಗ ತೆಗೆಯುವವಳು.

"ಎಂಟು ಮಂದಿ ತೊಳಕೊಂಡಿದ್ದು ತೊಳಕೊಂಡಿದ್ದಾ ನೋಡ್ರಿ ಬಾಯಾರ," ಎಂದಳು ತಾಯವ್ವ. "ನಳದ ನೀರು ಖಾಲಿ ಆತು, ಮನಸು ಹಂಗಾ ಉಳೀತು. ನಮ್ಮ ಕಡೆನೂ ಅದಾರ ಬಿಡ್ರಿ ಇಂಥವರು. ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ."

ಖೈರುನ್ನೀಸಾ ಸುಗರಾ ಆಪಾರ ಕೋಣೆಗೆ ಹೋದಳು.

"ಹುಡುಗ್ಯಾರು ಹುಡುಗ್ಯಾರಗತೆ ಇರತಾರ ಖೈರುನ್," ಎಂದರು ಸುಗರಾ ಆಪಾ. "ನಾವು ಸಣ್ಣವರಿದ್ದಾಗ ನಗಲಿಲ್ಲೇನು?"

"ನಮಾಜಿನ್ಯಾಗ ಬಾಲ ಹಚ್ಯಾರ ಆಪಾ."

"ಅದಕ್ಕ ನಮಾಜು ಮತ್ತ ಮಾಡಸೇನಲ್ಲ?"

ಈ ಉತ್ತರ ಎಷ್ಟು ಗುಂಡಗಿತ್ತೆಂದರೆ ಎಲ್ಲಿ ಹಿಡಿಯಬೇಕೆಂದು ಖೈರುನ್ನೀಸಾಗೆ ತಿಳಿಯಲಿಲ್ಲ. ಶಗುಫ್ತಾ ಇನಾಮದಾರರ ಮೊಮ್ಮಗಳು ಎಂಬುದು ಇಬ್ಬರಿಗೂ ಗೊತ್ತಿತ್ತು. ಗೌಸಮೋದ್ದೀನ ಇನಾಮದಾರರು ಕಟ್ಟಿಗೆ ಅಡ್ಡೆಯ ಮಾಲಕರು, ಶಾಲೆಯ ಕಮಿಟಿಯ ಅಧ್ಯಕ್ಷರು. ಆ ವರ್ಷ ಹಜ್‌ಗೆ ಹೊರಟವರು.

ಹುಸೇನಬಿ ದೀಪಾವಳಿಯ ಸುಮಾರಿಗೆ, ಗಾದಿಯ ಕೆಲಸ ಹೆಚ್ಚಿದ್ದಾಗ ಒಂದು ತಿಂಗಳು ಶಾಲೆ ತಪ್ಪಿಸಿದ್ದಳು. ಖೈರುನ್ನೀಸಾ ಹಾಜರಿ ಪುಸ್ತಕ ತೆಗೆದು ನೋಡಿದಳು. ಫೆಬ್ರುವರಿ ಮುಗಿಯುವುದರೊಳಗೆ ಬರದಿದ್ದರೆ ಹಾಜರಿ ಸಾಲುವುದಿಲ್ಲ. ಹಾಜರಿ ಸಾಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಹತ್ತನೆಯ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದ ಪಿಂಜಾರರ ಹುಡುಗಿಗೆ ಮುಂದೇನು ಎಂಬುದನ್ನು ಪುಸ್ತಕದಲ್ಲಿ ನೋಡುವ ಅಗತ್ಯವಿರಲಿಲ್ಲ.

ರವಿವಾರ ಅವಳು ದೊಡವಾಡಕ್ಕೆ ಹೋದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ತುಂಬ ಹತ್ತಿ. ಹುಸೇನಬಿಯ ಅವ್ವ ಫಕೀರವ್ವ ಅರ್ಧ ತುಂಬಿದ ಗಾದಿಯ ಮೇಲೆ ಮೊಣಕಾಲೂರಿ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದಳು.

"ಬರ್ರಿ ಅಕ್ಕಾರ, ಬರ್ರಿ. ಅಲ್ಲಿ ಕುಂದರಬ್ಯಾಡ್ರಿ, ಸೀರಿಗಿ ಹತ್ತಿ ಹತ್ತತೈತಿ. ಈ ಕಡೆ ಬರ್ರಿ, ಕಟ್ಟಿ ಮ್ಯಾಲ."

ಖೈರುನ್ನೀಸಾ ಕಟ್ಟೆಯ ಮೇಲೆ ಕೂತಳು. "ಹುಡುಗಿ ಸಾಲಿಗಿ ಯಾಕ ಬರವಲ್ಲಳವಾ?"

"ನಾವೇನ ಬಿಡಸೇವೇನ್ರಿ? ಆಕೀನ ವಲ್ಲೆ ಅಂದ್ಲು. ಮೂರು ದಿನ ಉಣಲಿಲ್ಲ. ಆಮ್ಯಾಲ ಅವರಪ್ಪ ಅಂದ, ‘ಹೋಗಲಿ ಬಿಡವಾ, ನನ್ನ ಜೋಡಿ ಹತ್ತಿ ಹಿಂಜು. ಹತ್ತಿ ಏನ ಮಂದಿ ನೋಡಿ ನಗಂಗಿಲ್ಲ’ ಅಂತ." ಫಕೀರವ್ವ ದಾರವನ್ನು ಹಲ್ಲಿನಲ್ಲಿ ಕಡಿದಳು. "ಈಗ ಸಿರಸಂಗಿ ಕಡೆ ಹೋಗ್ಯಾನ್ರಿ ಆಂವ. ಇಲ್ಲೆ ಹತ್ತು ಗಾದಿ ಬಂದಾವ, ಒಬ್ಬಾಕಿ ಕೈಯಾಗ ಆಗವಲ್ದು."

"ಹತ್ತು ಗಾದಿ? ಯಾರ ಮನಿವು?"

"ಇನಾಮದಾರ ಸಾಹೇಬರವಲ್ರಿ? ಹಜ್ಜಕ್ಕ ಹೊಂಟಾರಂತಲ್ಲ. ಕಳಸಾಕ ಬೀಗರು ಬಿಜ್ಜರು ಭಾಳ ಬರತಾರಂತ. ಅವರ ಮನಿ ಗಾದಿ ನಾವಾ ತುಂಬೂದ್ರಿ, ನಮ್ಮ ಮಾವನ ಕಾಲದಿಂದ. ಮಲಗಿದ್ರ ಏಳಬಾರದು ಅನಸಬೇಕು, ಹಂಗ ತುಂಬತೇವಿ."

ಖೈರುನ್ನೀಸಾ ಗಾದಿಯನ್ನು ನೋಡಿದಳು. ಈ ಹತ್ತಿಯ ಮೇಲೆ ಶಗುಫ್ತಾ ಹುಟ್ಟಿದಂದಿನಿಂದ ಮಲಗಿದ್ದಾಳೆ. ಸುಖನಿದ್ದೆ ಬಂದಿರಬೇಕು.

ಹುಸೇನಬಿ ಹಿತ್ತಲಿನಿಂದ ಬಂದಳು. ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಅವನ್ನು ತೆಗೆಯುವ ಅವಸರ ಮಾಡಲಿಲ್ಲ. ಅಳಲೂ ಇಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಮೊದಲೇ ಎಣಿಸಿಟ್ಟವಳಂತೆ ಹೇಳಿದಳು.

"ಆವತ್ತ ನನ್ನ ಹಿಂದ ಇದ್ದಾಕಿ ಶಗುಫ್ತಾ. ಆಕಿ ನನ್ನ ಹತ್ರ ಮಾಫಿ ಕೇಳಬೇಕ್ರಿ ಅಕ್ಕಾರ. ಎಲ್ಲಿ ಹಚ್ಯಾಳ ಅಲ್ಲೇ, ಆ ನಮಾಜಿನ ಸಾಲಿನ್ಯಾಗ, ನಕ್ಕವರ ಎಲ್ಲಾರ ಮುಂದ. ಕೇಳಿದ್ರ ಮರುದಿನದ ಬಸ್ಸಿಗಿ ಬರತೇನಿ."

"ಕೇಳಲಿಲ್ಲಂದ್ರ?"

"ಸಾಲಿ ಬಿಟ್ಟ ದಾಖಲೆ ಕೊಟ್ಟಬಿಡ್ರಿ."

"ಪರೀಕ್ಷಾ ಆರು ವಾರ ಉಳದೈತಿ ಹುಸೇನವ್ವಾ. ಎಂಟನೇ ಕ್ಲಾಸಿನ್ಯಾಗ ನೀನಾ ಅಂದಿದ್ದಿ, ಅಕ್ಕಾರ ಆಗತೇನಿ ಅಂತ."

"ಅಂದಿದ್ದೆರಿ." ಹುಡುಗಿ ಕೂದಲಿನಿಂದ ಹತ್ತಿಯ ಒಂದು ಎಳೆ ತೆಗೆದಳು. "ಬಾಲ ಹಚಗೊಂಡು ಅಕ್ಕಾರ ಆಗೂದು ಹೆಂಗ್ರಿ?"

ಫಕೀರವ್ವ ತಲೆಯೆತ್ತಲಿಲ್ಲ. ದಬ್ಬಣ ಒಳಗೆ ಹೋಯಿತು, ಹೊರಗೆ ಬಂತು.

"ಅಕ್ಕಾರ," ಎಂದಳು ಹುಸೇನಬಿ, "ಆವತ್ತ ನಾ ನಿಮ್ಮ ಖೋಲಿ ಮುಂದ ಹಾದು ಹೋದೆ. ನೀವು ನೋಡಲಿಲ್ಲೇನ್ರಿ?"

"ಇಲ್ಲ," ಎಂದಳು ಖೈರುನ್ನೀಸಾ. "ನಾ ನೋಡಲಿಲ್ಲ."

ಹುಡುಗಿ ಅವಳನ್ನೇ ನೋಡಿದಳು. ಆಮೇಲೆ ಚಹಾ ಮಾಡಲು ಒಳಗೆ ಹೋದಳು.

ಸೋಮವಾರ ಸುಗರಾ ಆಪಾ ಹುಸೇನಬಿಯ ಷರತ್ತನ್ನು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನಾಮದಾರರ ಮೊಮ್ಮಗಳು ಪಿಂಜಾರ ಹುಡುಗಿ ಮುಂದ ನಿಂತು ಮಾಫಿ ಕೇಳಬೇಕ?"

"ದೇವರ ಮುಂದ ಎಲ್ಲಾರೂ ಒಂದಾ ಸಾಲು ಅಂತ ನೀವಾ ಹೇಳತೀರಲ್ಲ ಆಪಾ."

"ಅದು ದೇವರ ಮುಂದ. ಇದು ಕಮಿಟಿ ಮುಂದ." ಸುಗರಾ ಆಪಾ ತಾವು ಆಡಿದ್ದನ್ನು ತಾವೇ ಕೇಳಿಸಿಕೊಳ್ಳಲಿಲ್ಲ. "ಸಾಹೇಬರು ಹಜ್ ಮಾಡಾಕ ಹೊಂಟಾರ. ಇಂಥ ಹೊತ್ತಿನ್ಯಾಗ ಒಬ್ಬರ ಮನಸು ನೋಯಿಸೂದು ಪಾಪ, ಖೈರುನ್. ದಾಖಲೆ ಕೇಳ್ಯಾಳಲ್ಲ? ಕೊಟ್ಟರಾತು. ಮತ್ತ ಕೇಳು, ಮುಂದಿನ ರವಿವಾರ ಸಾಲಿಯಾಗ ಸಾಹೇಬರಿಗಿ ಬೀಳ್ಕೊಡೂ ಕಾರ್ಯಕ್ರಮ. ಇಲಾಖೆಯಿಂದ ದೊಡ್ಡ ಸಾಹೇಬರು ಬರತಾರ, ಅದಕ್ಕ ಎಲ್ಲಾ ಕನ್ನಡದಾಗ ಆಗಬೇಕು. ಶಗುಫ್ತಾ ಭಾಷಣ ಮಾಡತಾಳ, ಪೈಗಂಬರರ ನಡತಿ ಬಗ್ಗೆ. ನೀ ಬರದು ಕೊಡು. ಇನಾಮದಾರ ಸಾಹೇಬರಿಗೂ ಒಂದು ಹಾಳಿ ಬರದು ಕೊಡು, ಓದತಾರ."

ಬರೆಯುವುದಿಲ್ಲ ಎನ್ನಬಹುದಿತ್ತು. ಖೈರುನ್ನೀಸಾ ಅನ್ನಲಿಲ್ಲ. ಎರಡನ್ನೂ ಬರೆದಳು.

ಶಗುಫ್ತಾಳ ಭಾಷಣದ ನಟ್ಟನಡುವೆ ಅವಳು ಒಂದು ಮಾತು ಇಟ್ಟಳು. ಒಬ್ಬರನ್ನು ನೋಡಿ ಒಬ್ಬರು ನಗಬಾರದು, ಹೆಂಗಸರು ಹೆಂಗಸರನ್ನು ನೋಡಿ ನಗಬಾರದು, ಯಾರನ್ನು ನೋಡಿ ನಕ್ಕರೋ ಅವರೇ ನಕ್ಕವರಿಗಿಂತ ಮೇಲಿರಬಹುದು, ಅಡ್ಡಹೆಸರು ಕರೆಯುವುದು ಕೆಟ್ಟದ್ದು ಎಂದು ದೇವರೇ ಕಟ್ಟಪ್ಪಣೆ ಮಾಡಿದ್ದಾನೆ ಎಂಬ ಮಾತು. ಹುಡುಗಿಯ ಬಾಯಿ ಅಲ್ಲಿ ಒಂದು ಕ್ಷಣವಾದರೂ ತೊದಲಬಹುದು ಎಂದು ಅವಳಿಗೆ ಆಸೆಯಿತ್ತು. ಕಲಿತವರ ಆಸೆಗಳು ಹೀಗೇ ಇರುತ್ತವೆ.

ತಾಲೀಮಿನಲ್ಲಿ ಶಗುಫ್ತಾ ಆ ಜಾಗಕ್ಕೆ ಬಂದು ನಿಂತು ಉರ್ದುವಿನಲ್ಲಿ ಕೇಳಿದಳು. "ಆಪಾ, ಇಲ್ಲಿ ಕೈ ಹಿಂಗ ಮ್ಯಾಲ ಎತ್ತಲ್ಯಾ, ಎದಿ ಮ್ಯಾಲ ಇಟ್ಕೊಳ್ಳಲ್ಯಾ?"

"ಅದರ ಅರ್ಥ ಗೊತ್ತೈತೇನು?"

"ಗೊತ್ತೈತ್ರಿ. ಯಾರನ್ನೂ ನೋಡಿ ನಗಬಾರದು."

"ನೀ ನಕ್ಕಿ."

"ಯಾವಾಗ್ರಿ?" ಹುಡುಗಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಠೊಂಯ್ ಹುಡುಗಿದಾ? ಅದು ಮಜಾಕ್‌ರಿ ಆಪಾ."

ಖೈರುನ್ನೀಸಾ ಕೈಯನ್ನು ಎದೆಯ ಮೇಲೆ ಇಟ್ಟುಕೊಳ್ಳಲು ಹೇಳಿದಳು.

ಇನಾಮದಾರರ ಹಾಳೆಯಲ್ಲಿ ಅವಳು ಹೆಚ್ಚೇನೂ ಬರೆಯಲಿಲ್ಲ. ಹಜ್‌ಗೆ ಹೊರಟವರು ಎಲ್ಲರ ಹತ್ತಿರ ‘ಹೇಳಿದ್ದು ಕೇಳಿದ್ದು ಮಾಫ್ ಮಾಡ್ರಿ’ ಎಂದು ಬೇಡಿಕೊಂಡೇ ಊರು ಬಿಡಬೇಕು. ತನಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು, ಅದರಲ್ಲಿ ಆತ ಕೈ ಹಾಕುವುದಿಲ್ಲ. ಒಬ್ಬರ ನೋವು ಬಾಕಿ ಉಳಿದರೂ ಹೋದವರು ಪಾಪ ಕಳೆಯದೆ ಹೋದಂತೆಯೇ ಹಿಂದಿರುಗುತ್ತಾರೆ. ಇದು ಇನಾಮದಾರರಿಗೂ ಗೊತ್ತಿತ್ತು. ಎರಡು ವಾರದಿಂದ ಅವರು ಜೀಪಿನಲ್ಲಿ ಓಣಿ ಓಣಿ ತಿರುಗಿ ಕೇಳುತ್ತಿದ್ದರು, ಮತ ಕೇಳುವವರ ಹಾಗೆ. ಅವರ ಬಾಯಿಂದ ಮಾತು ಪೂರ್ತಿ ಹೊರಡುವುದರೊಳಗೆ ಜನ ‘ಮಾಫ್, ಮಾಫ್’ ಎಂದು ಬಾಗಿಲವರೆಗೆ ಬಂದು ಕಳಿಸುತ್ತಿದ್ದರು. ಖೈರುನ್ನೀಸಾ ಆ ಹಾಳೆಯಲ್ಲಿ ರೂಢಿಯ ಮಾತನ್ನೇ ಬರೆದು, ಮೂರು ಪದ ಹೆಚ್ಚು ಸೇರಿಸಿದಳು: ‘ನನ್ನಿಂದಾಗಲಿ, ನನ್ನ ಮನೆಯವರಿಂದಾಗಲಿ.’

ಆಮೇಲೆ ತಾಯವ್ವನ ಕೈಯಲ್ಲಿ ದೊಡವಾಡಕ್ಕೆ ಸುದ್ದಿ ಕಳಿಸಿದಳು: ದಾಖಲೆ ರವಿವಾರ ಕೊಡುತ್ತಾರೆ, ಹುಡುಗಿಯನ್ನೂ ಕರೆದುಕೊಂಡು ಬರ್ರಿ.

ತಾನೇ ಎದ್ದು ನಿಂತು ಹೇಳಬಹುದಾದದ್ದನ್ನು ಹದಿನಾರು ವರ್ಷದ ಹುಡುಗಿಗೆ ಬಿಟ್ಟಳು. ಅದನ್ನು ಅವಳು ಜಾಣತನ ಎಂದು ಕರೆದುಕೊಂಡಳು.

ರವಿವಾರ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದರು. ಇಲಾಖೆಯ ಸಾಹೇಬರು ಬಂದರು. ಇನಾಮದಾರರ ಕೊರಳಲ್ಲಿ ಹೂಮಾಲೆ ಗಲ್ಲದವರೆಗೆ ಏರಿತ್ತು. ಹೊಸ ಗಾದಿಗಳನ್ನು ಬೆಳಗ್ಗೆಯೇ ಇನಾಮದಾರರ ಮನೆಗೆ ಮುಟ್ಟಿಸಿ ಬಂದ ಫಕೀರವ್ವ ನಳದ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ಹುಸೇನಬಿ ಶಾಲೆಯ ಸಮವಸ್ತ್ರದಲ್ಲಿಯೇ ಬಂದಿದ್ದಳು. ತಾಯವ್ವ ಯಾರನ್ನೂ ಕೇಳದೆ ಅವಳನ್ನು ಹುಡುಗಿಯರ ಮೊದಲನೆಯ ಸಾಲಿನ ತುದಿಗೆ ಕೂರಿಸಿದಳು. ಯಾರೂ ಠೊಂಯ್ ಎನ್ನಲಿಲ್ಲ. ದೊಡ್ಡವರಿದ್ದರಲ್ಲ.

ಶಗುಫ್ತಾ ಹದಿನೈದು ನಿಮಿಷ ಮಾತಾಡಿದಳು. ಒಂದು ಒತ್ತಕ್ಷರ ತಪ್ಪಲಿಲ್ಲ. ‘ಹೆಂಗಸರು ಹೆಂಗಸರನ್ನು ನೋಡಿ ನಗಬಾರದು’ ಎಂಬಲ್ಲಿ ಕೈ ಎದೆಗೆ ಹೋಯಿತು, ಕಣ್ಣು ಅರ್ಧ ಮುಚ್ಚಿತು, ದನಿ ತಗ್ಗಿತು. ಮೊದಲ ಸಾಲಿನ ತುದಿಯಲ್ಲಿ ಕೂತವಳ ಮೇಲೆ ಆ ಕಣ್ಣು ಒಂದು ಸಲ ಹಾದು ಹೋಯಿತು, ಕಂಬದ ಮೇಲೆ ಹಾದು ಹೋಗುವಂತೆ. ಇನಾಮದಾರರು ಕಣ್ಣೊರೆಸಿಕೊಂಡರು. ಇಲಾಖೆಯ ಸಾಹೇಬರು, "ಇಂಥ ಸಂಸ್ಕಾರ ಎಲ್ಲಾ ಸಾಲ್ಯಾಗ ಬರಬೇಕು," ಎಂದು ಪಕ್ಕದವರಿಗೆ ಕೇಳುವಂತೆ ಹೇಳಿದರು. ಸುಗರಾ ಆಪಾ ಆ ಸಂಸ್ಕಾರ ತಾವೇ ಹೆತ್ತದ್ದು ಎಂಬಂತೆ ತಲೆ ತಗ್ಗಿಸಿದರು.

ಕೊನೆಗೆ ಇನಾಮದಾರರು ಎದ್ದು ಹಾಳೆ ಬಿಚ್ಚಿದರು. ಓದುತ್ತ ಓದುತ್ತ ಕಡೆಯ ಸಾಲಿಗೆ ಬಂದು ಕೈ ಮುಗಿದರು. "ನನ್ನಿಂದಾಗಲಿ, ನನ್ನ ಮನೆಯವರಿಂದಾಗಲಿ, ಯಾರಿಗಾದರೂ ನೋವಾಗಿದ್ದರೆ ದಯವಿಟ್ಟು ಮಾಫ್ ಮಾಡಿ."

"ಮಾಫ್!" ಎಂದಿತು ಅಂಗಳ.

ಆ ಗದ್ದಲ ಅಡಗುವುದರೊಳಗೆ ಹುಸೇನಬಿ ಎದ್ದು ನಿಂತಳು.

"ನಾ ಮಾಡಿಲ್ರಿ."

ಇಲಾಖೆಯ ಸಾಹೇಬರು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಎರಡು ಚಪ್ಪಾಳೆ ತಟ್ಟಿದರು. ಯಾರೂ ಜೊತೆಗೂಡದ್ದರಿಂದ ನಿಲ್ಲಿಸಿದರು.

"ಏನಂದಿ ಮಗಳ?" ಎಂದರು ಇನಾಮದಾರರು.

"ನಿಮ್ಮ ಮ್ಯಾಲ ನಂದೇನಿಲ್ರಿ ಅಜ್ಜಾರ. ಮನಿಯವರಿಂದಾಗಲಿ ಅಂದ್ರಲ್ಲ, ಅದಕ್ಕ ಹೇಳಿದೆ. ನಾ ಸಜ್ದಾದಾಗಿದ್ದಾಗ ನಿಮ್ಮ ಶಗುಫ್ತಾ ನನಗ ಹಿಂದ ಹತ್ತಿ ಬಾಲ ಹಚ್ಚಿದ್ಲು. ಎಂಟು ಮಂದಿ ನಕ್ಕರು. ನಾ ಪ್ಯಾಟಿ ತುಂಬ ಹಂಗಾ ಹೋದೆ."

ಸುಗರಾ ಆಪಾ ಎದ್ದರು. "ಸಾಹೇಬರ, ಆಕಿಗಿ ತಿಳಿಯಂಗಿಲ್ಲ, ಹಳ್ಳಿ ಹುಡುಗಿ, ನೀವು ಮನಸಿಗಿ ಹಚಗೋಬ್ಯಾಡ್ರಿ..."

"ನೀವು ಕುಂದರ್ರಿ," ಎಂದರು ಇನಾಮದಾರರು.

ಅವರ ಮುಖ ಬಿಳಿಚಿತ್ತು. ಖೈರುನ್ನೀಸಾ ಆ ಮುಖವನ್ನು ಚೆನ್ನಾಗಿ ನೋಡಿದಳು. ಅದರಲ್ಲಿ ನಾಚಿಕೆಯೇನಾದರೂ ಇದೆಯೇ ಎಂದು ಹುಡುಕಿದಳು. ಇದ್ದದ್ದು ಹೆದರಿಕೆ. ಜೀಪಿನಲ್ಲಿ ಇಡೀ ಊರು ತಿರುಗಿ ಒಟ್ಟುಗೂಡಿಸಿದ ಮಾಫಿಯಲ್ಲಿ ಒಂದು ತೂತು ಬಿದ್ದಿತ್ತು, ಅದೂ ಇನ್ನೂರು ಜನರೆದುರಿಗೆ, ಹೊರಡಲು ಎರಡು ದಿನ ಉಳಿದಾಗ. ಆ ಹುಡುಗಿಗೆ ಏನಾಯಿತು ಎಂಬುದು ಅವರ ಮನಸ್ಸಿನ ಹೊಸ್ತಿಲನ್ನೂ ಮುಟ್ಟಿರಲಿಲ್ಲ.

"ಶಗುಫ್ತಾ, ಬಾ ಇಲ್ಲಿ. ಮಾಫಿ ಕೇಳು."

ಶಗುಫ್ತಾ ವೇದಿಕೆಯಿಂದ ಇಳಿದು ಬಂದು, ನೆಲ ನೋಡುತ್ತ, "ಸಾರಿ," ಎಂದಳು.

"ಇಲ್ಲಲ್ರಿ," ಎಂದಳು ಹುಸೇನಬಿ. "ಅಲ್ಲಿ."

ನಮಾಜಿನ ಕೋಣೆಯ ಬೀಗವನ್ನು ತಾಯವ್ವ ಆಗಲೇ ತೆಗೆದಿದ್ದಳು. ಎಂಟು ಹುಡುಗಿಯರು ಸಾಲಾಗಿ ನಿಂತರು. ಇನಾಮದಾರರು ಬಾಗಿಲಲ್ಲಿ ಮಾಲೆಯೊಂದಿಗೇ ನಿಂತರು. ಶಗುಫ್ತಾ ಉರ್ದುವಿನಲ್ಲಿ ಏನೋ ಗೊಣಗಿದಳು.

"ಆಕಿ ಮಾತಿನ್ಯಾಗ ಕೇಳು," ಎಂದರು ಅಜ್ಜ.

ಹದಿನೈದು ನಿಮಿಷ ಕನ್ನಡದಲ್ಲಿ ಸಂಸ್ಕಾರ ಸುರಿಸಿದ ಬಾಯಿ ಈಗ ತೆರೆದು ಹಾಗೇ ಉಳಿಯಿತು. ಈ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಅವಳು ಖೈರುನ್ನೀಸಾಳತ್ತ ನೋಡಿದಳು. ಖೈರುನ್ನೀಸಾ ಗೋಡೆ ನೋಡಿದಳು.

"ನಾ... ತಪ್ಪು... ನಂದು ತಪ್ಪು ಆತು. ನಾನು ಹಚ್ಚಿದ್ದು. ಮಾಫ್ ಮಾಡು." ಕಣ್ಣಲ್ಲಿ ನೀರು ಬಂತು, ಸಿಟ್ಟಿನದು.

ಎಲ್ಲರೂ ಹುಸೇನಬಿಯ ಬಾಯಿ ನೋಡಿದರು.

"ಆತ್ರಿ," ಎಂದಳು ಅವಳು. "ನಾಳಿಂದ ಸಾಲಿಗಿ ಬರತೇನಿ. ದಾಖಲೆ ಬ್ಯಾಡ್ರಿ."

"ಮತ್ತ ಮಾಫ್?" ಎಂದರು ಇನಾಮದಾರರು.

"ಕೇಳಿದ್ರ ಸಾಲಿಗಿ ಬರತೇನಿ ಅಂದಿದ್ದೆರಿ ಅಜ್ಜಾರ. ಮಾಫ್ ಮಾಡತೇನಿ ಅಂದಿರಲಿಲ್ಲ. ಅದು ಮನಸಿಗಿ ಬರಬೇಕಲ್ಲ? ಇನ್ನ ಬಂದಿಲ್ಲ. ಬಂದ ದಿನ ಹೇಳಿ ಕಳಸತೇನಿ."

"ಯವ್ವಾ, ಸಾಹೇಬರ ಮುಂದ ಹಿಂಗ..." ಎಂದು ಫಕೀರವ್ವ ಹಿಂದಿನಿಂದ ಮಗಳ ತೋಳು ಹಿಡಿದಳು. ಮಗಳು ತೋಳು ಬಿಡಿಸಿಕೊಳ್ಳಲಿಲ್ಲ, ಮಾತನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ. ಇನಾಮದಾರರಿಗೆ ಬೈಯುವ ಹಾಗಿರಲಿಲ್ಲ, ಬೈದರೆ ಬಾಕಿ ಇನ್ನೂ ಬೆಳೆಯುತ್ತದೆ. ಅವರು ಮಾಲೆ ತೆಗೆದು ಯಾರ ಕೈಯಲ್ಲೋ ಕೊಟ್ಟು ಹೊರಟುಹೋದರು.

ಮುಂದೆ ನಡೆದದ್ದು ನೋಡುವಂತಿತ್ತು. ಇನಾಮದಾರರು ಮುಂಬೈಗೆ ಹೋಗಿ ವಿಮಾನ ಹತ್ತುವ ತನಕ ಶಾಲೆಗೆ ದಿನಾ ಫೋನು. "ಆ ಹುಡುಗಿ ಏನಾರ ಅಂದ್ಲೇನು?" ಹತ್ತಿದ ಮೇಲೆ ಅವರ ಮನೆಯಿಂದ ದಿನಾ ಆಳು. ಸುಗರಾ ಆಪಾ ಹುಸೇನಬಿಯನ್ನು ಮುಂದಿನ ಬೆಂಚಿಗೆ ಕರೆದರು. ಬಸ್ಸು ತಡವಾದರೂ ಹಾಜರಿ ಬರೆದರು. ಅವಳು ಬಾಗಿಲಲ್ಲಿ ಕಾಣಿಸಿದರೆ ಹಿಂದಿನ ಬೆಂಚಿನ ಎಂಟೂ ಬಾಯಿ ಮುಚ್ಚಿಕೊಂಡಿರುತ್ತಿದ್ದವು. ಎಂಟನೆಯ ತರಗತಿಯಲ್ಲಿ ಕಟಕೋಳದ ಕಡೆಯ ಇನ್ನೊಬ್ಬ ನದಾಫರ ಹುಡುಗಿಯಿದ್ದಳು. ಅವಳಿಗೂ ಪುಕ್ಕಟೆಯಾಗಿ ಈ ಸುಖ ಸಿಕ್ಕಿತು. ವರ್ಷಗಟ್ಟಲೆ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದ ಉಪದೇಶದಿಂದ ಆಗದ್ದು ಒಬ್ಬ ಮುದುಕನ ಹೆದರಿಕೆಯಿಂದ ಆಯಿತು.

"ಒಂದು ಹುಡುಗಿ ಬಾಯಾಗ ಸಾಹೇಬರ ಹಜ್ಜ ಸಿಕ್ಕೊಂಡು ಕುಂತೈತಿ ನೋಡ್ರಿ ಬಾಯಾರ," ಎಂದು ತಾಯವ್ವ ಗಂಟೆ ಹೊಡೆಯುವಾಗಲೆಲ್ಲ ನಗುತ್ತಿದ್ದಳು. "ಆಕಿ ಮೊದಲನೇ ದಿನಾನ ಮಾಫ್ ಅಂದಿದ್ರ, ಎರಡನೇ ದಿನ ಮತ್ತ ಠೊಂಯ್ ಅಂತಿದ್ರು. ಶಾಣ್ಯಾ ಹುಡುಗಿ."

ಹಾಲ್ ಟಿಕೆಟ್ ಬಂತು. ಹುಸೇನಬಿ ಪರೀಕ್ಷೆ ಬರೆದಳು. ಕೊನೆಯ ಪತ್ರಿಕೆಯ ದಿನ ಖೈರುನ್ನೀಸಾ ಅವಳ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ಬಿಸಿಲಿತ್ತು. ದೊಡವಾಡದ ಬಸ್ಸು ಇನ್ನೂ ಹೊರಟಿರಲಿಲ್ಲ.

"ಹಾಜಿಸಾಹೇಬರು ಬಂದರಂತಲ್ಲ?" ಎಂದಳು ಖೈರುನ್ನೀಸಾ.

"ಹೂನ್ರಿ. ಜೀಪು ಕಳಸಿದ್ರು. ಖಜೂರಿ, ಮಕ್ಕಾದ ಜಮ್‌ಜಮ್ ನೀರು. ಊರಾಗ ಮೊದಲನೇ ಖಜೂರಿ ನಮ್ಮ ಮನಿಗಾ ಬಂತಂತ, ಅವ್ವ ಎಲ್ಲಾರಿಗೂ ಹೇಳಿದ್ಲು. ಚೊಲೋ ಇದ್ವರಿ."

"ಮತ್ತ? ಮಾಫ್ ಮಾಡಿದೇನು?"

"ರಿಸಲ್ಟ್ ಬರಲಿ ಅಂತ ಹೇಳಿ ಕಳಸೇನ್ರಿ," ಎಂದು ಹುಸೇನಬಿ ನಕ್ಕಳು. ಅವಳು ನಕ್ಕದ್ದನ್ನು ಖೈರುನ್ನೀಸಾ ಅದೇ ಮೊದಲು ನೋಡಿದ್ದು.

ಡ್ರೈವರು ಹತ್ತಿ ಕೂತ. ಹುಸೇನಬಿ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಹುಸೇನವ್ವಾ," ಎಂದಳು ಖೈರುನ್ನೀಸಾ. ಎರಡು ತಿಂಗಳು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ಒಣಗಿ ಹೋಗಿತ್ತು. "ಆವತ್ತ ನಾ ನೋಡಿದ್ದೆ."

"ಗೊತ್ತೈತ್ರಿ ಅಕ್ಕಾರ. ಚಾ ಕುಡಿಯಾಕ ಹತ್ತಿದ್ರಿ. ಕೈಯಾಗ ಬಿಸ್ಕೀಟಿತ್ತು."

"ಮಾಫ್ ಮಾಡತೀಯೇನು?"

ಹುಡುಗಿ ಮೆಟ್ಟಿಲ ಮೇಲಿನಿಂದ ಅವಳನ್ನು ಹಿಂದೆ ದೊಡವಾಡದಲ್ಲಿ ನೋಡಿದಂತೆಯೇ ನೋಡಿದಳು. ಕಂಡಕ್ಟರ್ ಸೀಟಿ ಊದಿದ.

"ನೀವು ಅವರ ಹಿಂದ ನಿಂದರ್ರಿ ಅಕ್ಕಾರ," ಎಂದಳು. "ಮೊದಲ ಕೇಳಿದವರು ಅದಾರ."

ಬಸ್ಸು ಹೋಯಿತು. ಖೈರುನ್ನೀಸಾ ಬಿಸಿಲಲ್ಲಿ ನಿಂತೇ ಇದ್ದಳು. ಸಾಲಿನಲ್ಲಿ ಅವಳ ಮುಂದೆ ಶಗುಫ್ತಾ ಇದ್ದಳು, ಶಗುಫ್ತಾಳ ಅಜ್ಜ ಇದ್ದರು. ಇಷ್ಟು ದಿನ ಅವರಿಬ್ಬರನ್ನೂ ಅವಳು ಮೇಲಿನಿಂದ ನೋಡುತ್ತ ಬಂದಿದ್ದಳು. ಆದರೆ ಆ ಹುಡುಗಿಯ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಿದವರು ಅವರಿಬ್ಬರಲ್ಲಿ ಯಾರೂ ಇರಲಿಲ್ಲ.